ಬೇವಿನ ಕಟ್ಟೆಯ ಪ್ಯಾನೆಲ್ ಚರ್ಚೆ

ವೀರಭದ್ರಯ್ಯ ಮೇಷ್ಟ್ರು ಬದುಕಿನಲ್ಲಿ ಒಂದು ತೀರ್ಮಾನವನ್ನೂ ತೆಗೆದುಕೊಂಡವರಲ್ಲ ಎಂದು ತೊಗರಿಹಾಳಿನ ಜನ ಆಡಿಕೊಳ್ಳುತ್ತಿದ್ದರು. ಇದು ಸುಳ್ಳು. ಅವಸರದಲ್ಲಿ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು ಎಂಬ ತೀರ್ಮಾನವನ್ನು ಅವರು ಚಿಕ್ಕಂದಿನಲ್ಲೇ ತೆಗೆದುಕೊಂಡಿದ್ದರು, ಮತ್ತು ಅದಕ್ಕೆ ನಲವತ್ತೆಂಟನೆಯ ವಯಸ್ಸಿನವರೆಗೂ ಗಟ್ಟಿಯಾಗಿ ಅಂಟಿಕೊಂಡಿದ್ದರು. ಒಮ್ಮೆ ಕೊಟ್ಟೂರಿನ ಅಂಗಡಿಯಲ್ಲಿ ನೆಟ್ಟನೆಯ ಹಿಡಿಯ ಕೊಡೆ ಕೊಳ್ಳುವುದೋ ಡೊಂಕು ಹಿಡಿಯದು ಕೊಳ್ಳುವುದೋ ಎಂದು ಎರಡು ತಾಸು ಕುಳಿತು, ಅಂಗಡಿಯವನು ಬಾಗಿಲು ಹಾಕುವ ಹೊತ್ತಿಗೆ "ನೋಡೋಣ" ಎಂದು ಎದ್ದು ಬಂದರು. ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಮಳೆ ಹಿಡಿದು ಪೂರ್ತಿ ತೊಯ್ದರು. ಮನೆಗೆ ಬಂದಾಗ ಅವರಿಗೆ ಬೇಸರವೇನೂ ಇರಲಿಲ್ಲ. ಡೊಂಕು ಹಿಡಿಯದನ್ನು ಕೊಂಡು ಬಂದು, ನೆಟ್ಟನೆಯದೇ ಛಲೋ ಇತ್ತೆಂದು ಹಳಹಳಿಸುವುದಕ್ಕಿಂತ ತೊಯ್ಯುವುದೇ ಮೇಲು ಎಂದು ಹೆಂಡತಿಗೆ ವಿವರಿಸಿದರು. ಗುರುಬಸಮ್ಮ ಟವೆಲ್ಲು ಕೊಟ್ಟು ಒಳಗೆ ಹೋದರು.

ಸಾವಿರದ ಒಂಬೈನೂರ ತೊಂಬತ್ತೆಂಟರ ಜೂನ್ ತಿಂಗಳಲ್ಲಿ ಆ "ನೋಡೋಣ" ಎಂಬ ಮಾತಿನ ಕೆಳಗೆ ಒಂದು ಜೀವ ಸಿಕ್ಕಿಕೊಂಡಿತ್ತು. ಅದು ಅವರ ಒಬ್ಬಳೇ ಮಗಳು ಗೀತಾಂಜಲಿ. ಹತ್ತನೆಯ ತರಗತಿಯಲ್ಲಿ ಎಂಬತ್ತಾರು ಪರ್ಸೆಂಟ್ ತೆಗೆದು, ಕೊಟ್ಟೂರಿನ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಓದಬೇಕೆಂದು ಫಾರಂ ತುಂಬಿ ಕುಳಿತಿದ್ದಳು. ಇತ್ತ ಗುರುಬಸಮ್ಮನ ತಮ್ಮ ಅರುಣಕುಮಾರ ಹರಪನಹಳ್ಳಿಯಿಂದ ಕಾಗದದ ಮೇಲೆ ಕಾಗದ ಬರೆಯುತ್ತಿದ್ದ: ಒಳ್ಳೆಯ ಮನೆತನ, ಹಾರ್ಡ್‌ವೇರ್ ಅಂಗಡಿ, ಲಗ್ನ ಎರಡು ವರ್ಷ ಬಿಟ್ಟೇ ಆಗಲಿ, ಸದ್ಯ ಒಂದು ಮಾತು ಕೊಡಿ ಎನ್ನುತ್ತಿದ್ದಾರೆ, ಏನು ಹೇಳಲಿ?

"ಅರುಣಗ ಏನಂತ ಬರಿಲಿ?" ಎಂದು ಗುರುಬಸಮ್ಮ ಕೇಳಿದರು.

"ನೋಡೋಣ."

"ಅಪ್ಪಾ, ಫಾರಂ ತುಂಬೀನಿ. ನಿಮ್ಮ ಸೈ ಒಂದ ಬಾಕಿ ಐತಿ" ಎಂದು ಗೀತಾಂಜಲಿ ಕೇಳಿದಳು.

"ನೋಡೋಣವ್ವಾ."

ಮೂರು ವಾರ ಹೀಗೆ ನಡೆಯಿತು. ಕಾಲೇಜಿಗೆ ಸೇರಲು ಕೊನೆಯ ದಿನ ಜೂನ್ ಇಪ್ಪತ್ತು, ಶನಿವಾರ, ಸಂಜೆ ನಾಲ್ಕು ಗಂಟೆ. ಗೀತಾಂಜಲಿ ಅದನ್ನು ಕ್ಯಾಲೆಂಡರಿನಲ್ಲಿ ದುಂಡಗೆ ಗುರುತು ಹಾಕಿ, ಅಪ್ಪ ಊಟಕ್ಕೆ ಕೂಡುವ ಜಾಗದ ಎದುರಿಗೇ ತೂಗುಹಾಕಿದ್ದಳು. ಮೇಷ್ಟ್ರು ದಿನಾ ಅದನ್ನು ನೋಡುತ್ತಿದ್ದರು. ನೋಡೋಣ ಎಂದವರು ನೋಡಲಿಲ್ಲ ಎಂದು ಯಾರೂ ಅನ್ನುವಂತಿರಲಿಲ್ಲ.

ಇಂಥ ಮನುಷ್ಯನನ್ನು ಸರಕಾರ ಮೇ ತಿಂಗಳ ಕೊನೆಗೆ ಹಡಗಲಿಯಲ್ಲಿ ನಡೆದ ಐದು ದಿನದ ಶಿಕ್ಷಕರ ತರಬೇತಿಗೆ ಕಳಿಸಿತ್ತು. ಮೂರನೆಯ ದಿನ ಊಟವಾದ ಮೇಲೆ, ನಲವತ್ತು ಮಂದಿ ಶಿಕ್ಷಕರು ತೂಕಡಿಸುತ್ತಿದ್ದ ಹೊತ್ತಿನಲ್ಲಿ, ತರಬೇತುದಾರರು ಪ್ಯಾನೆಲ್ ಚರ್ಚೆ ಎಂಬ ಬೋಧನಾ ವಿಧಾನವನ್ನು ಕೈಪಿಡಿ ನೋಡಿ ಓದಿದರು. ನಾಲ್ಕು ಜನ ತಿಳಿದವರನ್ನು ಸಾಲಾಗಿ ಕೂರಿಸಬೇಕು. ನಡುವೆ ನಿರ್ವಾಹಕನೊಬ್ಬ ಕೂಡಬೇಕು. ವಿಷಯದ ಎರಡೂ ಮಗ್ಗುಲನ್ನು ಅವರು ಮಕ್ಕಳ ಮುಂದೆ ಚರ್ಚಿಸಬೇಕು. "ನಿರ್ವಾಹಕನು ಯಾರ ಪಕ್ಷವನ್ನೂ ವಹಿಸತಕ್ಕದ್ದಲ್ಲ. ತೀರ್ಪು ನೀಡತಕ್ಕದ್ದಲ್ಲ. ಕೊನೆಯಲ್ಲಿ ಎಲ್ಲರ ಮಾತಿನ ಸಾರಾಂಶವನ್ನಷ್ಟೇ ಹೇಳಿ ಚರ್ಚೆಯನ್ನು ಮುಗಿಸತಕ್ಕದ್ದು."

ವೀರಭದ್ರಯ್ಯನವರ ನಿದ್ದೆ ಹಾರಿಹೋಯಿತು. ನಲವತ್ತೆಂಟು ವರ್ಷ ಯಾವ ಗುಣಕ್ಕಾಗಿ ಮನೆಯಲ್ಲೂ ಊರಲ್ಲೂ ಬೈಸಿಕೊಂಡಿದ್ದರೋ ಆ ಗುಣ ಇಲಾಖೆಯ ಕೈಪಿಡಿಯಲ್ಲಿ ಅಚ್ಚಾಗಿತ್ತು. ಅವರಿಗೆ ಕಣ್ಣು ತುಂಬಿ ಬಂತು. ಕೆಂಪು ಪೆನ್ನಿನಿಂದ ಆ ಸಾಲುಗಳ ಕೆಳಗೆ ಎರಡು ಸಲ ಗೆರೆ ಎಳೆದರು.

ಶಾಲೆ ಶುರುವಾಗಿ ಎರಡು ವಾರಕ್ಕೆ ಮುಖ್ಯೋಪಾಧ್ಯಾಯರು ಕರೆದು, ವಿಷಯ ಪರಿವೀಕ್ಷಕರು ಇಪ್ಪತ್ತನೆಯ ತಾರೀಖು ಬರುತ್ತಾರೆ, ತರಬೇತಿಯಲ್ಲಿ ಕಲಿತ ಹೊಸ ವಿಧಾನವೊಂದನ್ನು ನಡೆಸಿ ತೋರಿಸಬೇಕಂತೆ ಎಂದರು. ಉಳಿದ ಶಿಕ್ಷಕರು ಕಿಟಕಿಯ ಹೊರಗೆ ನೋಡಿದರು. ವೀರಭದ್ರಯ್ಯ ತಾವಾಗಿಯೇ ಎದ್ದು ನಿಂತರು. ಅವರು ತಾವಾಗಿಯೇ ಎದ್ದು ನಿಂತದ್ದನ್ನು ಕಂಡು ಮುಖ್ಯೋಪಾಧ್ಯಾಯರು ಮೈ ಹುಷಾರಿದೆಯೇ ಎಂದು ಕೇಳಿದರು.

ಕೈಪಿಡಿಯ ಕೊನೆಗೆ ಹತ್ತು ವಿಷಯಗಳ ಪಟ್ಟಿಯಿತ್ತು. ವಿಶ್ವಸಂಸ್ಥೆ, ಪಂಚವಾರ್ಷಿಕ ಯೋಜನೆ, ಅಣೆಕಟ್ಟುಗಳು, ಹೀಗೆ ಒಂಬತ್ತಕ್ಕೆ ತೊಗರಿಹಾಳಿನಲ್ಲಿ ತಜ್ಞರು ಸಿಗುವಂತಿರಲಿಲ್ಲ. ಹತ್ತನೆಯದು ಹೀಗಿತ್ತು: "ಹತ್ತನೆಯ ತರಗತಿ ತೇರ್ಗಡೆಯಾದ ಹುಡುಗಿ ಮುಂದೆ ಓದಬೇಕೇ, ಬೇಡವೇ?" ಇದಕ್ಕಾದರೆ ಯಾರನ್ನು ಕರೆದರೂ ಮಾತಾಡುತ್ತಾರೆ ಎಂದು ಮೇಷ್ಟ್ರು ಇದನ್ನೇ ಆರಿಸಿದರು. ಆ ವರ್ಷ ಊರಿನಲ್ಲಿ ಹತ್ತನೆಯ ತರಗತಿ ತೇರ್ಗಡೆಯಾದ ಹುಡುಗಿ ಒಬ್ಬಳೇ, ಮತ್ತು ಆಕೆ ತಮ್ಮ ಮನೆಯಲ್ಲೇ ಇದ್ದಾಳೆ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದರೆ ಕೈಪಿಡಿಯಿಂದ ತಲೆ ಎತ್ತಬೇಕಿತ್ತು.

"ತಜ್ಞರನ್ನು ಸ್ಥಳೀಯ ಪದ್ಧತಿಯಂತೆ ಗೌರವದಿಂದ ಆಹ್ವಾನಿಸತಕ್ಕದ್ದು" ಎಂದೂ ಕೈಪಿಡಿ ಹೇಳಿತ್ತು. ಮೇಷ್ಟ್ರು ಒಂದು ಕಟ್ಟು ವೀಳ್ಯದೆಲೆ, ಬೊಗಸೆ ಅಡಿಕೆ ಕೊಂಡು, ತಟ್ಟೆಯಲ್ಲಿಟ್ಟುಕೊಂಡು ಬಂಗಾರಪ್ಪನವರ ಮನೆಗೆ ಹೋದರು. ಬಂಗಾರಪ್ಪ ಊರಿನ ಹಿರಿಯರು, ಎಪ್ಪತ್ತು ದಾಟಿದವರು.

ಇಲ್ಲಿ ಒಂದು ಮಾತು ಹೇಳಬೇಕು. ತೊಗರಿಹಾಳಿನಲ್ಲಿ ಲಗ್ನಕ್ಕೆ ಕರೆಯುವವರು ಅಕ್ಷತೆ ತರುತ್ತಾರೆ, ಗೃಹಪ್ರವೇಶಕ್ಕೆ ಕರೆಯುವವರು ಕುಂಕುಮ ತರುತ್ತಾರೆ. ಬರೀ ಎಲೆ-ಅಡಿಕೆ ತಟ್ಟೆ ಹಿಡಿದು ಬಂಗಾರಪ್ಪನ ಜಗಲಿ ಹತ್ತಿದರೆ ಅರ್ಥ ಒಂದೇ: ನಮ್ಮ ಮನೆಯ ಜಗಳ ಕೈ ಮೀರಿದೆ, ನೀವು ಬೇವಿನ ಕಟ್ಟೆಗೆ ಬಂದು ಕೂತು ನ್ಯಾಯ ಹೇಳಬೇಕು. ಇನ್ನೊಂದು ಕಟ್ಟಳೆಯೂ ಇತ್ತು. ಕಟ್ಟೆಯ ಮೇಲೆ ಕೂತವರು ತೀರ್ಮಾನ ಹೇಳದೆ ಏಳುವಂತಿಲ್ಲ. ಎದ್ದರೆ ಬೇವು ಒಣಗುತ್ತದೆ. ಹಿಂದೊಮ್ಮೆ ಬದುವಿನ ಜಗಳಕ್ಕೆ ಕೂತವರು ಮರುದಿನ ಮಧ್ಯಾಹ್ನದವರೆಗೂ ಕೂತಿದ್ದರು, ರೊಟ್ಟಿ ಕಟ್ಟೆಗೇ ಬಂದಿತ್ತು. ಮೇಷ್ಟ್ರು ಹಂಪಸಾಗರದವರು. ಈ ಊರಿಗೆ ಬಂದು ಹನ್ನೊಂದು ವರ್ಷವಾಗಿದ್ದರೂ ಯಾರೊಂದಿಗೂ ಜಗಳವಾಡಿದವರಲ್ಲ. ಜಗಳಕ್ಕೆ ಒಂದು ಪಕ್ಷ ಹಿಡಿಯಬೇಕಲ್ಲ. ಹಾಗಾಗಿ ಅವರಿಗೆ ಇದೊಂದೂ ಗೊತ್ತಿರಲಿಲ್ಲ.

ತಟ್ಟೆ ನೋಡಿ ಬಂಗಾರಪ್ಪನ ಮುಖ ಗಂಭೀರವಾಯಿತು. ಸೊಸೆಯನ್ನು ಒಳಗೆ ಹೋಗೆಂದರು.

"ಕುಂದರ್ರಿ ಮೇಷ್ಟ್ರೇ. ಏನು ಇಷಯ?"

"ಶನಿವಾರ ನಾಲ್ಕು ಜನ ಕುಂತು ಮಾತಾಡಬೇಕ್ರಿ. ಶಾಲಿ ಮುಂದಿನ ಬೇವಿನ ಕಟ್ಟಿ ಮ್ಯಾಲ. ನಡುವ ನಾನು ಕೂಡ್ತೀನಿ. ಹತ್ತನೇ ಕ್ಲಾಸ್ ಪಾಸಾದ ಹುಡುಗಿ ಮುಂದ ಓದಬೇಕಾ ಬ್ಯಾಡಾ ಅಂತ."

ಬಂಗಾರಪ್ಪ ಮೆಲ್ಲಗೆ, "ಇಲ್ಲಿಗಂಟ ಬಂತಾ?" ಎಂದರು.

"ಬಂತ್ರಿ. ಸರಕಾರದ ಆದೇಶ ಐತಿ."

"ಸರಕಾರಕ್ಕೂ ಗೊತ್ತಾತಾ." ಬಂಗಾರಪ್ಪನಿಗೆ ಇನ್ನಷ್ಟು ಕೆಡುಕೆನಿಸಿತು. "ಎರಡೂ ಕಡೆಯವ್ರು ಬರ್ತಾರಾ?"

"ಬರಲೇಬೇಕ್ರಿ. ವಿರೋಧ ಮಾತಾಡೋರು ಇಲ್ಲಂದ್ರ ಇದು ನಡಿಯಂಗಿಲ್ಲ."

"ಆತು ಬಿಡ್ರಿ. ಆ ಕಡೆಯವ್ರಿಗೆ ನಾನ ಹೇಳಿ ಕಳಸ್ತೀನಿ" ಎಂದು ಬಂಗಾರಪ್ಪ ತಟ್ಟೆಗೆ ಕೈ ಮುಟ್ಟಿಸಿ ಒಂದು ಎಲೆ ತೆಗೆದುಕೊಂಡರು. ಮೇಷ್ಟ್ರು ಹೊಸಿಲು ದಾಟುವಾಗ ಅವರ ಬೆನ್ನು ಸವರಿ, "ಎದಿ ಗುಂದಬ್ಯಾಡ್ರಿ" ಎಂದರು. ಶಿಕ್ಷಣದ ಮೇಲೆ ಹಳ್ಳಿಯ ಹಿರಿಯರಿಗೆ ಇಷ್ಟು ಕಳಕಳಿ ಇದೆಯೆಂದು ಮೇಷ್ಟ್ರಿಗೆ ಮೊದಲ ಸಲ ತಿಳಿಯಿತು. ಆ ಸಂಜೆಯೇ ಹರಪನಹಳ್ಳಿಗೆ ಹೊರಟಿದ್ದ ಲಾರಿಯವನ ಕೈಯಲ್ಲಿ ಅರುಣಕುಮಾರನಿಗೆ ಸುದ್ದಿ ಹೋಯಿತು.

ಎರಡನೆಯ ತಜ್ಞರು ಯೂಸುಫ್ ಸಾಬ್. ಸೈಕಲ್ ರಿಪೇರಿ ಅಂಗಡಿಯವರು, ಮೈಕ್ ಸೆಟ್ಟೂ ಅವರದೇ. ಎಲೆ-ಅಡಿಕೆ ನೋಡಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡರು.

"ಬರ್ತೀನಿ ಸರ್. ಮೈಕೂ ತರ್ತೀನಿ. ಸೌಂಡ್ ಕಮ್ಮಿ ಇಡ್ತೀನಿ, ಆಜೂಬಾಜು ಊರಿಗೆ ಕೇಳಾದು ಬ್ಯಾಡ."

"ಇಲ್ಲಿಲ್ಲ, ಫುಲ್ ಇಡ್ರಿ. ಎಲ್ಲಾರಿಗೂ ಕೇಳಬೇಕು. ಬಚ್ಚಿಟ್ಟು ಮಾಡೋದಲ್ಲ ಇದು."

ಯೂಸುಫ್ ಸಾಬ್ ಅವರನ್ನು ಮೇಲಿಂದ ಕೆಳಗೆ ನೋಡಿ, "ಭಾರಿ ಗುಂಡಿಗಿ ಸರ್ ನಿಮ್ದು" ಎಂದರು.

ಮೂರನೆಯವಳು ಎರ್ರಮ್ಮ. ತರಕಾರಿ ಮಾರುವವಳು. ಗಂಡ-ಹೆಂಡಿರ ಮಾತು ಕಟ್ಟೆಗೆ ಬಂದರೆ ಹೆಣ್ಣಿನ ಪರವಾಗಿ ಕೂಡುವವಳು ಅವಳೇ. ಅವಳು ತಟ್ಟೆ ನೋಡಿದ ಕೂಡಲೇ, "ಗುರುಬಸಮ್ಮಗ ಗೊತ್ತೈತೇನ್ರಿ?" ಎಂದು ಕೇಳಿದಳು.

"ಆಕಿಗೆ ಹೇಳಿಲ್ಲವ್ವಾ. ಶನಿವಾರ ಬಂದು ಕುಂತು ಕೇಳ್ಲಿ. ಆಕಿಗೂ ನಾಲ್ಕು ವಿಚಾರ ತಿಳಿತಾವ."

ಎರ್ರಮ್ಮ ಹಣೆ ಬಡಿದುಕೊಂಡು ತಕ್ಕಡಿ ಮುಚ್ಚಿಟ್ಟಳು. ಅರ್ಧ ತಾಸಿನಲ್ಲಿ ನಳದ ಹತ್ತಿರ ಗುರುಬಸಮ್ಮನಿಗೆ ಎಲ್ಲ ಗೊತ್ತಾಯಿತು. ಗಂಡ ಹೆಂಡತಿಯ ಮೇಲೆ ಕಟ್ಟೆಗೆ ನ್ಯಾಯ ಒಯ್ದಿದ್ದಾನೆ, ಅದೂ ಮೈಕಿನಲ್ಲಿ.

ರಾತ್ರಿ ಊಟಕ್ಕೆ ಕೂತಾಗ ರೊಟ್ಟಿ ತಟ್ಟೆಗೆ ಬಿದ್ದ ಸಪ್ಪಳ ಪಕ್ಕದ ಮನೆಗೆ ಕೇಳಿತು. ಬಿಸಿಲಿಗೆ ಈ ಸಲ ಎಲ್ಲರ ಮೈಯೂ ಕಾದಿದೆ ಎಂದುಕೊಂಡು ಮೇಷ್ಟ್ರು ಸುಮ್ಮನೆ ಉಂಡರು.

"ಶನಿವಾರ ಕಟ್ಟಿಗೆ ನಾನೂ ಬರ್ತೀನಿ" ಎಂದರು ಗುರುಬಸಮ್ಮ.

"ಬಾ ಬಾ. ಪಾಲಕರು ಬರೋದು ಬಾಳ ಮುಖ್ಯ."

"ನಮ್ಮ ತಮ್ಮನೂ ಬರ್ತಾನಂತ."

"ಅರುಣಕುಮಾರಾ? ಬಾಳ ಛಲೋ ಆತು. ಹೊರಗಿನವ್ರು ಬಂದ್ರ ಚರ್ಚಿಗೆ ತೂಕ ಬರತೈತಿ."

ಗುರುಬಸಮ್ಮ ಗಂಡನನ್ನು ಒಂದು ಗಳಿಗೆ ನೋಡಿದರು. ಇಪ್ಪತ್ತು ವರ್ಷ ಬಾಳಿದ ಮನುಷ್ಯ ಇಷ್ಟು ಕಲ್ಲಾಗಿದ್ದಾನೆಂದು ಅವರಿಗೆ ತಿಳಿದಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೇಷ್ಟ್ರು ಮಗಳನ್ನು ಕರೆದು, ಮನೆಯಲ್ಲಿ ಸುಮ್ಮನೆ ಕೂತಿದ್ದೀಯಲ್ಲ, ಶನಿವಾರ ಬಂದು ಗಡಿಯಾರ ಹಿಡಿದು ಕೂತುಕೋ, ಒಬ್ಬೊಬ್ಬರಿಗೆ ಐದು ನಿಮಿಷ, ಮುಗಿದ ಕೂಡಲೇ ಗಂಟೆ ಬಾರಿಸು ಎಂದು ಹೇಳಿದರು. ಗೀತಾಂಜಲಿ ಕ್ಯಾಲೆಂಡರಿನ ದುಂಡನೆಯ ಗುರುತನ್ನು ನೋಡಿ ಹೂಂ ಎಂದಳು.

ಶನಿವಾರ ಬೆಳಗಿನ ಶಾಲೆ. ಹತ್ತು ಗಂಟೆಗೆ ಬೇವಿನ ಕಟ್ಟೆಯ ಮೇಲೆ ಐದು ಕುರ್ಚಿ, ಮುಂದೆ ಮೇಜು, ಮೇಜಿಗೆ ಗುರುಬಸಮ್ಮನ ಕಸೂತಿಯ ಬಟ್ಟೆ, ನೀರಿನ ಲೋಟ, ಮೈಕು. ರಟ್ಟಿನ ಮೇಲೆ "ತಜ್ಞರು" ಎಂದು ಬರೆದು ನಿಲ್ಲಿಸಲಾಗಿತ್ತು. ನಾಲ್ಕನೆಯ ತಜ್ಞರಾಗಿ ಮುಖ್ಯೋಪಾಧ್ಯಾಯರೇ ಕೂತಿದ್ದರು. ಅವರು ಎಲ್ಲ ಸಭೆಗಳಲ್ಲೂ ಮಾಡುವಂತೆ ಕೂತ ಕೂಡಲೇ ಕಣ್ಣು ಮುಚ್ಚಿದರು. ಹತ್ತನೆಯ ತರಗತಿಯ ಮಕ್ಕಳು ನೋಟ್‌ಬುಕ್ಕು ಹಿಡಿದು ನೆಲದ ಮೇಲೆ ಕೂತಿದ್ದರು. ಅವರ ಹಿಂದೆ ಇಡೀ ಊರು ಕೂತಿತ್ತು. ಸಂತೆಗೆ ಹೊರಟವರು ಸಂತೆ ಬಿಟ್ಟು ಬಂದಿದ್ದರು. ಪರಿವೀಕ್ಷಕರು ತಮ್ಮ ಫಾರಂನಲ್ಲಿ "ಸಮುದಾಯದ ಸಹಭಾಗಿತ್ವ: ಅತ್ಯುತ್ತಮ" ಎಂದು ಬರೆದು, ಇಂಥದನ್ನು ಜಿಲ್ಲೆಯಲ್ಲೇ ಕಂಡಿಲ್ಲ ಎಂದು ಮೇಷ್ಟ್ರ ಕೈ ಕುಲುಕಿದರು.

ಬಂಗಾರಪ್ಪ ಮೆಟ್ಟುಗಳನ್ನು ಕಟ್ಟೆಯ ಕೆಳಗೆ ಬಿಟ್ಟು, ಮೇಲೆ ಹತ್ತಿ ಬೇವಿಗೆ ಕೈ ಮುಗಿದು ಕುಳಿತರು. ಮೇಷ್ಟ್ರು ವಿಷಯ ಓದಿ ಹೇಳಿದರು. ಬಂಗಾರಪ್ಪ ಮೈಕಿನತ್ತ ಬಾಗಿದರು.

"ಇದು ಒಬ್ಬರ ಮನಿ ಮಾತು. ಖರೆ. ಆದ್ರ ಕಟ್ಟಿ ಹತ್ತಿದ ಮ್ಯಾಲ ಊರಿನ ಮಾತು. ಹುಡುಗಿ ನಮ್ಮ ಕಣ್ಣ ಮುಂದ ಬೆಳದಾಕಿ. ನನ್ನ ಮೊಮ್ಮಗಗ ಲೆಕ್ಕ ಹೇಳಿಕೊಟ್ಟಾಕಿ. ಆಕಿ ಬಾಯಿಂದ ಒಂದು ಬಿರುಸು ಮಾತು ನಾ ಕೇಳಿಲ್ಲ."

ಎಷ್ಟು ಜೀವಂತ ಉದಾಹರಣೆ ಎಂದು ಮೇಷ್ಟ್ರು ಮಕ್ಕಳತ್ತ ನೋಡಿ ತಲೆಯಾಡಿಸಿದರು. ಐದು ನಿಮಿಷಕ್ಕೆ ಗೀತಾಂಜಲಿ ಗಂಟೆ ಬಾರಿಸಿದಳು.

ಯೂಸುಫ್ ಸಾಬ್ ಹೇಳಿದರು: "ನನ್ನ ಮಗಳು ಮುಬೀನಾ ಕೊಟ್ಟೂರಾಗ ಎರಡನೇ ವರ್ಷ ಓದಾಕತ್ಯಾಳ. ಕಳಸಬ್ಯಾಡ ಅಂತ ಬೈಯೋರು ಬೈದ್ರು. ಈಗ ಬ್ಯಾಂಕಿನ ಕಾಗದ ಬಂದ್ರ ಅವರೇ ನಮ್ಮ ಮನಿ ಬಾಗಲಿಗೆ ಬರ್ತಾರ, ಮುಬೀನಾ ಅದಾಳಾ ಅಂತ. ಇಷ್ಟ ನನ್ನ ಮಾತು."

ಎರ್ರಮ್ಮ ಮೈಕು ಬೇಡವೆಂದು ಸರಿಸಿದಳು. "ನನಗ ಓದು ಬರಂಗಿಲ್ಲ. ಬಸ್ಸಿನ ಬೋರ್ಡು ಓದಾಕ ಬರದ, ಹಡಗಲಿಗೆ ಹೋಗಾಕಿ ಕೂಡ್ಲಿಗ್ಯಾಗ ಇಳಿದು ಅತ್ತೀನಿ. ಆ ಹುಡುಗಿಗೆ ಆ ಗತಿ ಬ್ಯಾಡ. ಆದ್ರ ತಾಯಿ ಸಂಕಟಾನೂ ಕೇಳಬೇಕು. ಹಡದಾಕಿ ಆಕಿ."

ಆಗ ಜನರ ನಡುವಿನಿಂದ ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಎದ್ದ. "ಹಿರಿಯರು ಕ್ಷಮಿಸ್ಬೇಕು. ಹುಡುಗಿಯ ಸೋದರಮಾವ ನಾನು. ನಂದೂ ಒಂದು ಮಾತು ಕೇಳಿ. ನಾನೇನು ಓದಿಸ್‌ಬ್ಯಾಡಿ ಅಂತ ಹೇಳಲ್ಲ ಭಾವ. ಹೂಂ ಅನ್ನಿ, ಇಲ್ಲ ಊಹೂಂ ಅನ್ನಿ. ಹಾರ್ಡ್‌ವೇರ್‌ನೋರು ದಿನಾ ನನ್ನ ಅಂಗಡಿ ಮುಂದೆ ಬಂದು ಕೂತ್ಕಂತಾರೆ. ಗೀತಾನ ಏನು ಮಾಡ್ತೀರಿ ಅಂತ ಇವತ್ತು ಹೇಳಿಬಿಡಿ."

ಮೇಷ್ಟ್ರ ಕೈಯಲ್ಲಿದ್ದ ನೀರಿನ ಲೋಟ ತುಟಿಯ ಹತ್ತಿರ ನಿಂತಿತು. ಅವರು ಅರುಣಕುಮಾರನನ್ನು ನೋಡಿದರು. ಬಂಗಾರಪ್ಪನನ್ನು ನೋಡಿದರು. ಹಿಂದೆ ಹೆಂಗಸರ ಗುಂಪಿನಲ್ಲಿ ತಲೆ ತಗ್ಗಿಸಿ ನಿಂತ ಹೆಂಡತಿಯನ್ನು ನೋಡಿದರು. ಮೇಜಿನ ತುದಿಗೆ ಗಡಿಯಾರ ಹಿಡಿದು ಕೂತ ಮಗಳನ್ನು ನೋಡಿದರು. ನಾಲ್ಕು ದಿನದ ಎಲೆ-ಅಡಿಕೆ, ಬೆನ್ನು ಸವರಿದ್ದು, ರೊಟ್ಟಿಯ ಸಪ್ಪಳ, ಗುಂಡಿಗೆಯ ಮಾತು ಎಲ್ಲ ಒಂದರ ಹಿಂದೊಂದು ನೆನಪಾಗಿ, ಜೂನ್ ತಿಂಗಳ ಬಿಸಿಲಲ್ಲಿ ಅವರಿಗೆ ಚಳಿ ಹತ್ತಿತು.

ಆದರೆ ಕೈಪಿಡಿ ಜೇಬಿನಲ್ಲಿತ್ತು. ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಂತೆ ಮೇಷ್ಟ್ರು ಕೆಂಪು ಗೆರೆಯ ಸಾಲುಗಳನ್ನು ಹಿಡಿದರು.

"ಇದುವರೆಗೆ ಎರಡೂ ಕಡೆಯ ಅಭಿಪ್ರಾಯ ಕೇಳಿದೆವು," ಎಂದು ಒಂದೇ ಉಸುರಿಗೆ ಹೇಳಿದರು. "ಕೆಲವರು ಓದಬೇಕು ಅಂದರು. ಕೆಲವರು ಯೋಚಿಸಬೇಕು ಅಂದರು. ಎರಡರಲ್ಲೂ ಸತ್ಯವಿದೆ. ಎಲ್ಲರಿಗೂ ವಂದನೆಗಳು." ಹೇಳಿ ಎದ್ದರು.

ಬೇರೆ ಯಾರೂ ಏಳಲಿಲ್ಲ.

"ತೀರ್ಮಾನ?" ಎಂದು ಬಂಗಾರಪ್ಪ ಕೇಳಿದರು.

"ಇದರಾಗ ತೀರ್ಮಾನ ಇರಂಗಿಲ್ರಿ."

"ತೀರ್ಮಾನ ಇಲ್ಲದ ಕಟ್ಟಿ ಹತ್ತಿಸಿದ್ರೇನು ನಮ್ಮನ್ನ?"

ಪರಿವೀಕ್ಷಕರಿಗೆ ತಮ್ಮ ಶಿಕ್ಷಕ ನಿಯಮ ಪಾಲಿಸುತ್ತಿರುವುದು ಹೆಮ್ಮೆಯೆನಿಸಿತು. ಎದ್ದು ಬಂದು, "ಯಜಮಾನರೇ, ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ತೀರ್ಪು ಕೊಡಬಾರದು" ಎಂದರು.

ಬಂಗಾರಪ್ಪ ಅವರನ್ನು ನೋಡಿದರು. "ನೀವು ಹುಡುಗಿ ಕಡೆಯವ್ರಾ, ಗಂಡಿನ ಕಡೆಯವ್ರಾ?"

"ನಾನು ಇಲಾಖೆ ಕಡೆಯವನು."

"ಇಲಾಖಿಯವ್ರಿಗೆ ಮನಿ ಮಾತಿನಾಗ ಏನ್ರಿ ಕೆಲಸ? ಕುಂದರ್ರಿ."

ಪರಿವೀಕ್ಷಕರು ಕುಳಿತರು. ಮೇಷ್ಟ್ರೂ ಕುಳಿತರು. ಎಚ್ಚರವಾದ ಮುಖ್ಯೋಪಾಧ್ಯಾಯರು ಚಪ್ಪಾಳೆ ತಟ್ಟಿ, ಯಾರೂ ತಟ್ಟದ್ದು ಕಂಡು ಮತ್ತೆ ಕಣ್ಣು ಮುಚ್ಚಿದರು. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಶಾಲೆಯ ಗಂಟೆ ಹೊಡೆದರೂ ಮಕ್ಕಳು ಕದಲಲಿಲ್ಲ. ಯಾರೋ ಮಂಡಕ್ಕಿ ತಂದರು, ಅದು ಪರಿವೀಕ್ಷಕರವರೆಗೂ ಹೋಯಿತು. ಹನ್ನೆರಡಕ್ಕೆ ಕೊಟ್ಟೂರಿನ ಬಸ್ಸು ಬಂದು ಕಟ್ಟೆಯ ಪಕ್ಕ ನಿಂತಿತು. ಕಟ್ಟೆಯ ಮೇಲೆ ನ್ಯಾಯ ಕೂತದ್ದು ನೋಡಿ ಡ್ರೈವರ್ ಎಂಜಿನ್ ಬಂದ್ ಮಾಡಿದ. ಪ್ಯಾಸೆಂಜರುಗಳು ಇಳಿದು ಬಂದು, ಯಾರ ಮನಿದು, ಏನು ಎತ್ತ ಎಂದು ಕೇಳಿಕೊಂಡು ಹಿಂದೆ ಕೂತರು. ಇದಾದ ಮೇಲೆ ಕೊಟ್ಟೂರಿಗೆ ಬಸ್ಸಿರುವುದು ಸಂಜೆ ಐದಕ್ಕೆ.

ಗೀತಾಂಜಲಿ ಬಸ್ಸನ್ನು ನೋಡಿದಳು, ಗಡಿಯಾರ ನೋಡಿದಳು.

"ತಾಯಿ ಮಾತು ಕೇಳಿಲ್ಲ ಇನ್ನ" ಎಂದಳು ಎರ್ರಮ್ಮ. "ಬಾರವ್ವಾ ಗುರುಬಸಮ್ಮ. ನಿನಗ ಮಗಳು ಓದೋದು ಬ್ಯಾಡೇನು?"

ಗುರುಬಸಮ್ಮ ಮುಂದೆ ಬಂದರು. ಮೈಕಿನ ಹತ್ತಿರ ಬರಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು.

"ನಾ ಯಾವತ್ತ ಬ್ಯಾಡ ಅಂದೆ? ಮದಿವ್ಯಾಗಿ ಇಪ್ಪತ್ತು ವರ್ಷ ಆತು. ಮನಿಗೆ ಹೆಂಚು ಹಾಕಸೋಣಾ ಅಂದ್ರ ನೋಡೋಣ. ತವರಿಗೆ ಹೋಗಿ ಬರ್ಲಾ ಅಂದ್ರ ನೋಡೋಣ. ಕೂಸು ಮೂರು ವಾರದಿಂದ ಫಾರಂ ಹಿಡಕಂಡು ಇವ್ರ ಹಿಂದ ತಿರಗತಾಳ, ನೋಡೋಣ. ಯಾರಾದ್ರೂ ಒಬ್ರು ಏನಾದ್ರೂ ಒಂದು ಹೇಳಬೇಕಲ್ಲಾ ಅಂತ ಅರುಣಗ ಗಂಡು ನೋಡು ಅಂದೆ. ಹಂಗಂದ್ರಾದ್ರೂ ಇವ್ರು ಸಿಟ್ಟಿಗೆದ್ದು ಬ್ಯಾಡ, ಓದಿಸ್ತೀನಿ ಅಂತಾರೇನೋ ಅಂತ ಅಂದೆ. ಸಿಟ್ಟೂ ಬರ್ಲಿಲ್ಲ." ಅವರು ಬಂಗಾರಪ್ಪನ ಕಡೆ ತಿರುಗಿದರು. "ನನಗ ಯಾರ ಮ್ಯಾಲೂ ಜಗಳ ಇಲ್ಲ. ಇವ್ರ ಬಾಯಾಗಿಂದ ಒಂದು ಮಾತು ಬೇಕು, ಅಷ್ಟ."

ಇಪ್ಪತ್ತು ವರ್ಷಕ್ಕೆ ಈ ಹೆಂಗಸು ಇಷ್ಟು ಉದ್ದ ಮಾತಾಡಿದ್ದನ್ನು ಗಂಡನೂ ಕೇಳಿರಲಿಲ್ಲ. ಮೇಷ್ಟ್ರಿಗೆ ನಾಚಿಕೆಯಾಯಿತು. ಬೆತ್ತಲೆ ನಿಂತಂಥ ನಾಚಿಕೆ. ನೋಡೋಣ ಎಂದಾಗ ತಾವು ಯಾರಿಗೂ ನೋವು ಮಾಡುತ್ತಿಲ್ಲ ಎಂದೇ ಅವರು ನಂಬಿದ್ದರು.

"ಹೇಳ್ರಿ ಮೇಷ್ಟ್ರೇ" ಎಂದರು ಬಂಗಾರಪ್ಪ. "ನಡುವ ಕುಂತವರು ನೀವು. ನಾವು ನಾಳಿ ಮುಂಜಾನಿತನಕ ಕೂಡಾಕೂ ತಯಾರದೀವಿ."

ಮೇಷ್ಟ್ರು ಮೈಕು ಹತ್ತಿರ ಎಳೆದುಕೊಂಡರು. ಓದು ಎಂದರೆ ಹಾಸ್ಟೆಲ್ಲಿನಲ್ಲಿ ಹುಡುಗಿಗೆ ಏನಾದರೂ ಆದರೆ? ಬೇಡ ಎಂದರೆ ಜೀವನವೆಲ್ಲ ಈ ಕಣ್ಣುಗಳನ್ನು ಎದುರಿಸುವುದು ಹೇಗೆ? ನೆಟ್ಟನೆಯ ಹಿಡಿ, ಡೊಂಕು ಹಿಡಿ. "ಇದನ್ನ ಸ್ವಲ್ಪ..." ಎಂದು ಶುರುಮಾಡಿದರು.

ಟಣ್ಣೆಂದು ಗಂಟೆ ಹೊಡೆಯಿತು.

ಗೀತಾಂಜಲಿ ಎದ್ದು ನಿಂತಿದ್ದಳು. "ಅಪ್ಪಾ, ನಿಮ್ಮ ಟೈಮ್ ಮುಗೀತು" ಎಂದಳು.

ಇದು ನಿಯಮವಾಗಿತ್ತು. ನಿಯಮ ಮಾಡಿದವರೂ ಅವರೇ ಆಗಿದ್ದರು. ಮೇಷ್ಟ್ರು ಮಗಳ ಮುಖ ನೋಡಿದರು. ಅಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಇವರಿಂದ ಏನೂ ಆಗುವುದಿಲ್ಲ ಎಂದು ಒಪ್ಪಿಕೊಂಡ ಮುಖ ಅದು. ಅದನ್ನು ಅವರಿಗೆ ತಡೆದುಕೊಳ್ಳಲಾಗಲಿಲ್ಲ.

"ಓದ್ಲಿ" ಎಂದರು.

ಫುಲ್ ಇಡಿ ಎಂದು ತಾವೇ ಹೇಳಿದ್ದ ಮೈಕು ಅದನ್ನು ಪಕ್ಕದೂರು ತಂಬ್ರಹಳ್ಳಿಯ ಹೊಲಗಳವರೆಗೆ ಒಯ್ದಿತು. ಅಲ್ಲಿಯವರೆಗೆ ನೋಟ್‌ಬುಕ್ಕಿನಲ್ಲಿ ಏನೂ ಬರೆಯದ ಮಕ್ಕಳು ಆ ಒಂದು ಮಾತನ್ನು ಬರೆದುಕೊಂಡರು.

"ಬಾಯಿ ಮಾತು ಸಾಲದು" ಎಂದರು ಬಂಗಾರಪ್ಪ. "ಕಟ್ಟಿ ಮ್ಯಾಲಿನ ತೀರ್ಮಾನಕ್ಕ ಸೈ ಬೀಳಬೇಕು. ಕಾಗದ ಅದಾವೇನು?"

ಗೀತಾಂಜಲಿ ಮೇಜಿನ ಮೇಲೆ ಮೈಕಿನ ಪಕ್ಕದಲ್ಲಿ ಫಾರಂ ಬಿ‌ಚ್ಚಿ ಇಟ್ಟಳು. ಮಡಿಕೆ ಬಿದ್ದ ಕಡೆ ಸವೆದು ಹೋಗಿತ್ತು. ಮೇಷ್ಟ್ರ ಬಳಿ ಕೆಂಪು ಪೆನ್ನು ಮಾತ್ರ ಇತ್ತು, ಕೆಂಪು ಸಹಿ ಕಾಲೇಜಿಗೆ ನಡೆಯುವುದಿಲ್ಲ. ಪರಿವೀಕ್ಷಕರು ತಮ್ಮ ಫಾರಂನಲ್ಲಿ "ನಿರ್ವಾಹಕರು ಕೊನೆಯಲ್ಲಿ ತೀರ್ಪು" ಎಂದು ಬರೆಯುತ್ತಿದ್ದವರು, ಬಂಗಾರಪ್ಪ ಕೈ ಚಾಚಿದ್ದರಿಂದ ವಾಕ್ಯವನ್ನು ನಡುವೆಯೇ ಬಿಟ್ಟು ನೀಲಿ ಪೆನ್ನು ಕೊಟ್ಟರು. ವೀರಭದ್ರಯ್ಯ ಸಹಿ ಹಾಕಿದರು. ಸಾಕ್ಷಿಗೆಂದು ಬಂಗಾರಪ್ಪ ಕೆಳಗೆ ಹೆಬ್ಬೆಟ್ಟು ಒತ್ತಲು ಹೋದಾಗ, ಅದರಲ್ಲಿ ಜಾಗವಿಲ್ಲ ಅಜ್ಜಾ ಎಂದು ಗೀತಾಂಜಲಿ ಮೆಲ್ಲಗೆ ಫಾರಂ ಎಳೆದುಕೊಂಡಳು.

"ಅಂಕಪಟ್ಟಿ ಮನ್ಯಾಗೈತಿ, ತರಬೇಕು" ಎಂದು ಅವಳು ಓಡಲು ನೋಡಿದರೆ, ಗುರುಬಸಮ್ಮ ತಡೆದರು. ಸೊಂಟಕ್ಕೆ ಸಿಕ್ಕಿಸಿದ್ದ ಚೀಲ ತೆಗೆದರು. ಅಂಕಪಟ್ಟಿ, ಟೀಸಿ, ಎರಡು ಫೋಟೋ, ಬಸ್ಸಿನಲ್ಲಿ ತಿನ್ನಲು ಎರಡು ರೊಟ್ಟಿ ಎಲ್ಲ ಅದರಲ್ಲಿದ್ದವು. ಮುಂಜಾನೆಯೇ ಕಟ್ಟಿಟ್ಟುಕೊಂಡು ಬಂದಿದ್ದರು. "ನಡಿ, ನಾನೂ ಬರ್ತೀನಿ" ಎಂದು ಮಗಳ ಕೈ ಹಿಡಿದರು. ಮೇಷ್ಟ್ರು ಆ ಚೀಲವನ್ನು ನೋಡಿ ತಲೆ ತಗ್ಗಿಸಿದರು.

ಅರುಣಕುಮಾರ ಮುಂದೆ ಹೋಗಿ ಅಕ್ಕನಿಗೆ ಸೀಟು ಹಿಡಿದ. "ಭಾವ, ಬಿಡಿ, ನಂಗೂ ನಿರಾಳ ಆತು. ಹಾರ್ಡ್‌ವೇರ್‌ನೋರಿಗೆ ಇವತ್ತೇ ಹೇಳಿಬಿಡ್ತೀನಿ" ಎಂದ. ಪ್ಯಾಸೆಂಜರುಗಳು ಹತ್ತಿಕೊಂಡರು. ಪರಿವೀಕ್ಷಕರು ಪೆನ್ನು ವಾಪಸು ಪಡೆದು ವಾಕ್ಯ ಮುಗಿಸಿದರು: "ತೀರ್ಪು ನೀಡಿದ್ದು ವಿಧಾನಕ್ಕೆ ಪೂರ್ತಿ ವಿರುದ್ಧ. ಇವರನ್ನು ಮತ್ತೊಮ್ಮೆ ತರಬೇತಿಗೆ ಕಳಿಸತಕ್ಕದ್ದು." ಬರೆದಾದ ಮೇಲೆ ಉಳಿದ ಮಂಡಕ್ಕಿಯನ್ನು ಕಾಗದದಲ್ಲಿ ಕಟ್ಟಿಕೊಂಡರು.

ಕಟ್ಟೆ ಇಳಿದು ಬಂಗಾರಪ್ಪ ಮೆಟ್ಟುಗಳಲ್ಲಿ ಕಾಲು ತೂರಿಸುತ್ತಿದ್ದರು. ಡ್ರೈವರ್ ಎಂಜಿನ್ ಶುರು ಮಾಡಿದ. ಗೀತಾಂಜಲಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಪ್ಪಾ, ಹಾಸ್ಟೆಲ್ಲಿಗೂ ಇವತ್ತ ಹೆಸರು ಹಚ್ಚಬೇಕಂತ. ಹಚ್ಚಲಾ, ದಿನಾ ಬಸ್ಸಿನಾಗ ಓಡಾಡ್ಲಾ?"

ವೀರಭದ್ರಯ್ಯ ಮೇಷ್ಟ್ರ ತುಟಿ ತಾನಾಗಿಯೇ ದುಂಡಗಾಗಿ "ನೋ" ಎಂಬಲ್ಲಿಗೆ ಬಂತು.

ಬಂಗಾರಪ್ಪ ಮೆಟ್ಟುಗಳನ್ನು ಮತ್ತೆ ಬಿಟ್ಟರು. ಬೇವಿಗೆ ಕೈ ಮುಗಿದು ಕಟ್ಟೆ ಹತ್ತಿ ಕುಳಿತರು. ಯೂಸುಫ್ ಸಾಬ್ ಸುತ್ತುತ್ತಿದ್ದ ಮೈಕಿನ ವೈರು ಬಿ‌ಚ್ಚತೊಡಗಿದರು. ಎರ್ರಮ್ಮ ಸೆರಗು ಸರಿಮಾಡಿಕೊಂಡು ತನ್ನ ಕುರ್ಚಿಯ ಕಡೆ ನಡೆದಳು. ಡ್ರೈವರ್ ಎಂಜಿನ್ ಬಂದ್ ಮಾಡಿದ.

"ಹಾಸ್ಟೆಲ್ಲಿಗೆ ಹಚ್ಚವ್ವಾ" ಎಂದರು ಮೇಷ್ಟ್ರು. "ರವಿವಾರಕ್ಕೊಮ್ಮೆ ನಾನ ಬಂದು ನೋಡ್ತೀನಿ."

ಗುರುಬಸಮ್ಮ ಕಿಟಕಿಯ ಒಳಗಿಂದ ಗಂಡನನ್ನು ನೋಡಿದರು. ಬಸ್ಸು ಹೊರಟಿತು. ಬಂಗಾರಪ್ಪ ಇಳಿದು ಬಂದು ಮೆಟ್ಟು ಮೆಟ್ಟಿಕೊಂಡರು.